ಗುಳೆ ಹೋದ ಮನೆಯ ಹುಡುಗ

ಬೆಂಗಳೂರಿಗೆ ಗುಳೆ ಹೋಗಿ ಬಂದ ಹುಡುಗನ ಬಾಯಲ್ಲಿ ಗುಟ್ಕಾ ಕಂಡರೆ, ಕಿಸೆಯಲ್ಲಿ ನಶೆಗೆಂದು ಮೂಸುವ ಪಂಕ್ಚರ್ ಸೊಲ್ಯೂಷನ್ ಟ್ಯೂಬು ಸಿಕ್ಕರೆ, ನಮ್ಮ ಲಿಂಗಸುಗೂರು, ದೇವದುರ್ಗ, ಕುಷ್ಟಗಿ ಕಡೆಯ ಹಿರಿಯರು ಹೇಳುವುದು ಒಂದೇ ಮಾತು: "ಪ್ಯಾಟಿ ಗಾಳಿ ಬಡದೈತಿ." ಈ ಮಾತನ್ನು ನಾನು ಒಪ್ಪಲಾರೆ. ಊರಿನ ಗಾಳಿ ಅಷ್ಟು ಶುದ್ಧವಾಗಿದ್ದರೆ, ಜನ ಸಿಎಚ್ ಪೌಡರ್ ಎಂದು ಕರೆಯುವ ಕ್ಲೋರಲ್ ಹೈಡ್ರೇಟ್ ಬೆರೆಸಿದ ಸೇಂದಿ ರಾಯಚೂರಿನ ಹಳ್ಳಿಗಳನ್ನು ಹಾಳುಮಾಡುತ್ತಿರಲಿಲ್ಲ. 2013ರಲ್ಲೇ ರಾಜ್ಯದಲ್ಲಿ ನಿಷೇಧವಾದ ಗುಟ್ಕಾ, ಪಾನ್ ಮಸಾಲೆ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು ಆಗಿ ಡಬ್ಬಾ ಅಂಗಡಿಗಳಲ್ಲಿ ತೂಗುತ್ತಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿ ಒಬ್ಬ ತಂದೆ ತನ್ನ ಫೋನನ್ನು ಹದಿನೈದರ ಮಗನ ಕೈಗಿಟ್ಟು, ಮೇಸ್ತ್ರಿ ಹಾಕಿದ ಪಗಾರ ಬಂದಿದೆಯೇ ನೋಡು ಎಂದು ಕೇಳಿದ. ಹುಡುಗ ನೋಡಿದ, ಅಪ್ಪನಿಗೆ ಹೇಳದೆಯೇ ಮೇಸ್ತ್ರಿಗೆ ಫೋನ್ ಮಾಡಿ ಬೆಂಗಳೂರಿನ ಕನ್ನಡದಲ್ಲಿ ಜಗಳವಾಡಿದ, ಬಳಿಕ ಅಪ್ಪನ ಕಡೆ ತಿರುಗಿ "ನಿಂಗೊತ್ತಾಗಲ್ಲ, ಸುಮ್ನಿರು" ಎಂದ. ಅಪ್ಪ "ಹೂನಪಾ" ಎಂದು ತಲೆ ತಗ್ಗಿಸಿದ. ಆ ತಲೆ ತಗ್ಗಿಸುವಿಕೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಅಮೆರಿಕದ ಮಯಾಮಿಯಲ್ಲಿ, 1970ರ ದಶಕದಲ್ಲಿ, ಕ್ಯೂಬಾದಿಂದ ವಲಸೆ ಬಂದ ಕುಟುಂಬಗಳ ನಡುವೆ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಹೊಸೆ ಸಾಪೊಚ್ನಿಕ್ ಮತ್ತು ಸಂಗಡಿಗರು ಕಂಡದ್ದೂ ಇದನ್ನೇ. ಮಕ್ಕಳು ಹೊಸ ನಾಡಿಗೆ ಬೇಗ ಒಗ್ಗಿದರು, ಹೆತ್ತವರು ಹಿಂದೆ ಉಳಿದರು. ಆ ಅಂತರದಿಂದ ಹುಟ್ಟಿದ ಮನೆಯೊಳಗಿನ ಕಲಹಕ್ಕೂ ಮಕ್ಕಳ ಮಾದಕ ವ್ಯಸನಕ್ಕೂ ನಂಟಿತ್ತು. ಅವರು ಮಕ್ಕಳನ್ನು ಹಿಂದಕ್ಕೆ ಎಳೆಯಲಿಲ್ಲ. ಹೆತ್ತವರಿಗೆ ಹೊಸ ನಾಡನ್ನೂ ಮಕ್ಕಳಿಗೆ ಮನೆಯ ಸಂಸ್ಕೃತಿಯನ್ನೂ ಪರಿಚಯಿಸಿ, ಇಬ್ಬರನ್ನೂ ಒಟ್ಟಿಗೆ ಕೂರಿಸಿದರು.

ನಮ್ಮ ಹುಡುಗನ ಪಾಡು ಇನ್ನೂ ಕಷ್ಟದ್ದು, ಏಕೆಂದರೆ ಅವನು ದೀಪಾವಳಿ ಮುಗಿಸಿ ಹೋಗಿ ಮಿರಗದ ಮಳೆಗೆ ಮರಳುತ್ತಾನೆ. ಅಲ್ಲಿ ಅವನ ಮಾತು ಕೇಳಿ ನಗುತ್ತಾರೆ, ಇಲ್ಲಿ ಅವನ ಕೂದಲು ನೋಡಿ ನಗುತ್ತಾರೆ, ಶಾಲೆಯ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ತಿಂಗಳುಗಟ್ಟಲೆ ಗೈರುಹಾಜರಿ. ಏನೂ ಕೇಳದೆ ಪಕ್ಕದಲ್ಲಿ ಜಾಗ ಕೊಡುವವರು, ಕರ್ಚೀಫಿಗೆ ಸೊಲ್ಯೂಷನ್ ಸುರಿದು ಮೂಗಿಗೆ ಹಿಡಿಯುವ ಹುಡುಗರು ಮಾತ್ರ.

ಆದ್ದರಿಂದ ಹೆತ್ತವರಲ್ಲಿ ನನ್ನ ಕಳಕಳಿಯ ವಿನಂತಿ: ಹೊಡೆಯುವ ಮೊದಲು ಕೇಳಿರಿ, ಅವನು ಹೋಗುವ ಓಣಿಗೆ ಒಮ್ಮೆ ನೀವೂ ಹೋಗಿರಿ. ವ್ಯಸನ ಬಿಡಿಸಲು ಸರ್ಕಾರದ ಉಚಿತ ಸಹಾಯವಾಣಿ 14446 ಇದೆ. ಆ ಕರೆಯನ್ನು ಮಗನ ಕೈಯಿಂದ ಮಾಡಿಸಬೇಡಿ, ಫೋನನ್ನು ನಿಮ್ಮ ಕೈಗೆ ತೆಗೆದುಕೊಂಡು ನೀವೇ ಮಾಡಿರಿ.