ಡಿಗ್ರಿ ನಮ್ಮದು, ರೇಡಿಯನ್ ವೃತ್ತದ್ದು

ಕೇಳುಗರೇ, ನಮಸ್ಕಾರ.

ಒಂದು ಪೂರ್ತಿ ಸುತ್ತಿಗೆ 360 ಡಿಗ್ರಿ. ಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿದ್ದೇವೆ. ಆದರೆ 360ನೇ ಯಾಕೆ? ವೃತ್ತವನ್ನು ಎಷ್ಟು ನೋಡಿದರೂ ಆ ಸಂಖ್ಯೆ ಅದರಲ್ಲಿ ಕಾಣುವುದಿಲ್ಲ. ಬ್ಯಾಬಿಲೋನಿನವರು 60ರ ಲೆಕ್ಕದಲ್ಲಿ ಎಣಿಸುತ್ತಿದ್ದರು. ಆ ಬಳುವಳಿಯೇ ಇಲ್ಲಿಯವರೆಗೂ ಬಂದಿದೆ. ಡಿಗ್ರಿಗೆ 60 ನಿಮಿಷ, ನಿಮಿಷಕ್ಕೆ 60 ಸೆಕೆಂಡು ಅನ್ನುವುದೂ ಅಲ್ಲಿಯದೇ. ಫ್ರಾನ್ಸಿನವರು ಮೀಟರ್ ತಂದ ಹುರುಪಿನಲ್ಲಿ ಲಂಬಕೋನವನ್ನೂ ನೂರು ಭಾಗ ಮಾಡಿ ನೋಡಿದರು. ಭೂಮಾಪನದ ಕೆಲಸದಲ್ಲಿ ಅದು ಅಲ್ಲಲ್ಲಿ ಉಳಿಯಿತು, ಜನರ ಬಾಯಿಗೆ ಬರಲಿಲ್ಲ.

ಇವೆಲ್ಲ ನಾವು ಹಾಕಿಕೊಂಡ ಭಾಗಗಳು. ವೃತ್ತವೇ ಕೊಡುವ ಅಳತೆ ಬೇರೆ ಇದೆ. ವೃತ್ತದ ತ್ರಿಜ್ಯ ಎಷ್ಟಿದೆಯೋ ಅಷ್ಟೇ ಉದ್ದದ ದಾರವನ್ನು ಅದರ ಅಂಚಿನ ಮೇಲೆ ಇಡಿ. ದಾರದ ಎರಡು ತುದಿಗಳಿಂದ ಕೇಂದ್ರಕ್ಕೆ ಗೆರೆ ಎಳೆಯಿರಿ. ಅಲ್ಲಿ ಮೂಡುವ ಕೋನವೇ ಒಂದು ರೇಡಿಯನ್, ಸುಮಾರು 57.3 ಡಿಗ್ರಿ. ವೃತ್ತ ಚಿಕ್ಕದಿರಲಿ, ದೊಡ್ಡದಿರಲಿ, ಕೋನ ಅಷ್ಟೇ. ಪೂರ್ತಿ ಸುತ್ತಿಗೆ ಎರಡು ಪೈ, ಅಂದರೆ ಸುಮಾರು 6.28 ರೇಡಿಯನ್.

57.3 ಅನ್ನುವುದು ವಕ್ರವಾದ ಸಂಖ್ಯೆ, ಅಲ್ವಾ? ಆದರೂ ಭೌತಶಾಸ್ತ್ರ ಇದನ್ನೇ ಹಿಡಿದುಕೊಂಡಿದೆ. ಯಾಕೆಂದರೆ ಇದರಲ್ಲಿ ಲೆಕ್ಕ ಸಲೀಸು. ಚಂದ್ರ ನಮ್ಮ ಕಣ್ಣಿಗೆ ಅರ್ಧ ಡಿಗ್ರಿಗಿಂತ ಚೂರು ಜಾಸ್ತಿ ಅಗಲ ಕಾಣುತ್ತಾನೆ. ರೇಡಿಯನ್‌ನಲ್ಲಿ ಅದು 0.009. ದೂರ ಸುಮಾರು 3,84,000 ಕಿಲೋಮೀಟರ್. ಎರಡನ್ನೂ ಗುಣಿಸಿ: 3,456 ಕಿಲೋಮೀಟರ್ ಬರುತ್ತದೆ. ಚಂದ್ರನ ನಿಜವಾದ ವ್ಯಾಸ ಸುಮಾರು 3,474. ಒಂದೇ ಒಂದು ಗುಣಾಕಾರ! ಡಿಗ್ರಿಯಲ್ಲೇ ಮಾಡಲು ಹೊರಟರೆ ಪೈ, 180 ಎಲ್ಲ ಸುಮ್ನೆ ಜೊತೆಗೆ ಅಂಟಿಕೊಂಡು ಬರುತ್ತವೆ.

ಇನ್ನೊಂದು ತಮಾಷೆ ಕೇಳಿ. ಕಂಸದ, ಅಂದರೆ ಅಂಚಿನ ಮೇಲಿನ ತುಂಡಿನ, ಉದ್ದವನ್ನು ತ್ರಿಜ್ಯದಿಂದ ಭಾಗಿಸಿದರೆ ರೇಡಿಯನ್. ಮೀಟರನ್ನು ಮೀಟರಿನಿಂದ ಭಾಗಿಸಿದ ಮೇಲೆ ಉಳಿಯುವುದು ಬರೀ ಸಂಖ್ಯೆ. ಹಾಗಾದರೆ ಇದನ್ನು ಅಳತೆಯ ಮಾನ ಎನ್ನಬಹುದೇ? ಮೀಟರ್, ಸೆಕೆಂಡುಗಳಿರುವ ಅಂತರರಾಷ್ಟ್ರೀಯ ಮಾನ ಪದ್ಧತಿಗೂ ಈ ಪ್ರಶ್ನೆ ತಲೆನೋವಾಗಿತ್ತು. 1960ರಲ್ಲಿ ಇದನ್ನು ಪೂರಕ ಮಾನ ಎಂಬ ಪ್ರತ್ಯೇಕ ಗುಂಪಿಗೆ ಸೇರಿಸಿದರು. 1995ರಲ್ಲಿ ಆ ಗುಂಪನ್ನೇ ತೆಗೆದು, ಇದನ್ನು ಸಾಧಿತ ಮಾನಗಳ, ಅಂದರೆ ಬೇರೆ ಮಾನಗಳಿಂದ ಕಟ್ಟಿದ ಮಾನಗಳ, ಜೊತೆ ಇಟ್ಟರು. ತಕರಾರು ಇನ್ನೂ ಪೂರ್ತಿ ಮುಗಿದಿಲ್ಲ. ನನ್ನನ್ನು ಕೇಳಿದರೆ ಹೆಸರು ಇರಲೇಬೇಕು. ಚಕ್ರವೊಂದು ಸೆಕೆಂಡಿಗೆ ಒಂದು ಸುತ್ತು ತಿರುಗಿದರೆ ಅದರ ಆವರ್ತನ 1 ಹರ್ಟ್ಜ್, ಕೋನೀಯ ವೇಗ ಸೆಕೆಂಡಿಗೆ 6.28 ರೇಡಿಯನ್. ಹೆಸರು ಬಿಟ್ಟು ಎರಡನ್ನೂ ಬರೀ "ಸೆಕೆಂಡಿಗೆ ಇಷ್ಟು" ಎಂದು ಬರೆದರೆ ಉತ್ತರ ಆರು ಪಟ್ಟು ತಪ್ಪಿದರೂ ಗೊತ್ತಾಗುವುದಿಲ್ಲ.

ಇಷ್ಟು ಹೊತ್ತು ಹಾಳೆಯ ಮೇಲಿನ ಕೋನದ ಮಾತಾಯಿತು. ಟಾರ್ಚಿನ ಬೆಳಕು ಹಾಗಲ್ಲ, ಶಂಕುವಿನ ಹಾಗೆ ಅಗಲವಾಗುತ್ತಾ ಹರಡುತ್ತದೆ. ಆ ಹರವಿನ ಅಳತೆಯೇ ಘನಕೋನ. ಗೋಳದ ಮೇಲ್ಮೈಯಲ್ಲಿ ತ್ರಿಜ್ಯದ ವರ್ಗದಷ್ಟು ಜಾಗ ಗುರುತು ಮಾಡಿದರೆ, ಕೇಂದ್ರದಿಂದ ಅದಕ್ಕೆ ಒಂದು ಸ್ಟೆರೇಡಿಯನ್. ಜಾಗದ ಆಕಾರ ಹೇಗಿದ್ದರೂ ಪರವಾಗಿಲ್ಲ, ವಿಸ್ತೀರ್ಣವಷ್ಟೇ ಮುಖ್ಯ. ಇಡೀ ಗೋಳಕ್ಕೆ ನಾಲ್ಕು ಪೈ, ಅಂದರೆ ಸುಮಾರು 12.57 ಸ್ಟೆರೇಡಿಯನ್.

ಖಗೋಳದವರು ಇಲ್ಲೂ ಡಿಗ್ರಿ ಬಿಡುವುದಿಲ್ಲ. ಅವರಿಗೆ ಇಡೀ ಆಕಾಶ ಸುಮಾರು 41,253 ಚದರ ಡಿಗ್ರಿ. ಹುಣ್ಣಿಮೆಯ ಚಂದ್ರ ಅದರಲ್ಲಿ ಹಿಡಿಯುವುದು 0.2 ಚದರ ಡಿಗ್ರಿ ಮಾತ್ರ. ಸೂರ್ಯನೂ ಹೆಚ್ಚುಕಡಿಮೆ ಅಷ್ಟೇ, ಅದಕ್ಕೇ ಪೂರ್ಣ ಸೂರ್ಯಗ್ರಹಣ ಸಾಧ್ಯ.

ಬಲ್ಬಿನ ಡಬ್ಬಿಯ ಮೇಲೆ ಲ್ಯೂಮೆನ್ ಎಂದು ಬರೆದಿರುತ್ತದಲ್ಲ, ಅದು ಹೊರಬರುವ ಬೆಳಕಿನ ಅಳತೆ, ಅದರಲ್ಲೂ ಸ್ಟೆರೇಡಿಯನ್ ಅಡಗಿದೆ. ಒಂದು ಸ್ಟೆರೇಡಿಯನ್‌ಗೆ ಒಂದು ಲ್ಯೂಮೆನ್ ಬೆಳಕು ಹೋದರೆ ಆ ಕಡೆಗಿನ ತೀವ್ರತೆ ಒಂದು ಕ್ಯಾಂಡೆಲಾ. ಅದೇ ದೀಪ ಸುತ್ತಲೂ ಒಂದೇ ಸಮ ಬೆಳಗಿದರೆ ಒಟ್ಟು 12.57 ಲ್ಯೂಮೆನ್. ಅಷ್ಟೇ ಬೆಳಕನ್ನು ಕನ್ನಡಿಯಿಂದ ಕಿರಿದಾದ ಘನಕೋನಕ್ಕೆ ಒಟ್ಟುಗೂಡಿಸಿದರೆ ಕ್ಯಾಂಡೆಲಾ ಏರುತ್ತದೆ, ಲ್ಯೂಮೆನ್ ಮಾತ್ರ ಏರುವುದಿಲ್ಲ.

ನಮಸ್ಕಾರ.