ನೀರಿನ ಬಿಳುಪು, ಬಂಡೆಯ ಕಪ್ಪು: ಜಲಪಾತದ ಚಿತ್ರಕ್ಕೆ ಯಾವ ಕಾಗದ?

ಗೆಳೆಯರೇ, ಪರದೆಯ ಮೇಲೆ ಸೊಗಸಾಗಿದ್ದ ಜಲಪಾತ ಕಾಗದಕ್ಕೆ ಇಳಿದಾಗ ಎರಡು ಕಡೆ ಸೋಲುತ್ತದೆ. ನೀರು ಸುಣ್ಣ ಬಳಿದ ಗೋಡೆಯಂತಾಗುತ್ತದೆ, ಒದ್ದೆ ಬಂಡೆ ಬೂದಿಬಣ್ಣಕ್ಕೆ ತಿರುಗುತ್ತದೆ. ಮೊದಲನೆಯದು ಹೆಚ್ಚಾಗಿ ಕ್ಯಾಮೆರಾದಲ್ಲೇ ಆದ ತಪ್ಪು. ಎರಡನೆಯದು ಬಹುಪಾಲು ಕಾಗದದ್ದು.

ಸಾಮಾನ್ಯ ಇಂಕ್‌ಜೆಟ್ ಮುದ್ರಣದಲ್ಲಿ ಬಿಳಿ ಶಾಯಿ ಇಲ್ಲ. ಬಿಳಿ ಎಂದರೆ ಬರಿಯ ಕಾಗದ. ನೀರಿನ ಹೊಳಪು 255ಕ್ಕೆ (0 ಅಪ್ಪಟ ಕಪ್ಪು, 255 ಅಪ್ಪಟ ಬಿಳಿ) ಮುಟ್ಟಿದ ಕಡೆ ಶಾಯಿಯ ಚುಕ್ಕೆಯೂ ಬೀಳುವುದಿಲ್ಲ. ಹೊಳಪಿನ ಕಾಗದದಲ್ಲಂತೂ ಆ ಜಾಗ ಓರೆಯಿಂದ ನೋಡಿದರೆ ತೇಪೆ ಹಾಕಿದಂತೆ ಕಾಣುತ್ತದೆ. ಆದ್ದರಿಂದ ಮೋಡ ಕವಿದ ಬೆಳಕು ಆರಿಸಿ, ರಾ ಕಡತದಲ್ಲೇ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಕಡತ) ತೆಗೆಯಿರಿ, ಹಿಸ್ಟೋಗ್ರಾಂ, ಅಂದರೆ ಕಪ್ಪಿನಿಂದ ಬಿಳಿಯವರೆಗಿನ ಹಂಚಿಕೆಯ ನಕ್ಷೆ, ಬಲಗೋಡೆಗೆ ಒರಗದಂತೆ ನೋಡಿಕೊಳ್ಳಿ.

ಜಲಪಾತಕ್ಕೆ ‘ಹಾಲ್ನೊರೆ’ ಎಂಬ ಹೋಲಿಕೆ ಹಳೆಯದು. ನೊರೆಯನ್ನು ಮರೆತು ಹಾಲನ್ನಷ್ಟೇ ಉಳಿಸಿಕೊಳ್ಳುವವರೇ ಹೆಚ್ಚು. ಶಟರ್ ತೆರೆದಿರುವ ಸಮಯ ರಭಸದ ಹರಿವಿಗೆ 1/8ರಿಂದ 1/4 ಸೆಕೆಂಡು, ತೆಳುವಾಗಿ ಇಳಿಯುವ ನೀರಿಗೆ 1/2ರಿಂದ 1 ಸೆಕೆಂಡು ಸಾಕು. ಅದಕ್ಕಿಂತ ತುಂಬ ಉದ್ದವಾದರೆ ಎಳೆಗಳು ಒಂದರ ಮೇಲೊಂದು ಕೂಡಿ ಅಳಿಸಿಹೋಗುತ್ತವೆ. ಐಎಸ್‌ಒ (ಬೆಳಕಿಗೆ ಸಂವೇದನೆ) 100, ಮಸೂರದ ರಂಧ್ರ ಎಫ್/8ರಿಂದ ಎಫ್/11 ಇರಲಿ. ಶಟರ್ ವೇಗ ತಗ್ಗಿಸಲೆಂದು ಎಫ್/22ರ ಕಿರಿದಾದ ರಂಧ್ರಕ್ಕೆ ಹೋದರೆ ಡಿಫ್ರಾಕ್ಷನ್‌ನಿಂದ (ಬೆಳಕು ರಂಧ್ರದ ಅಂಚಿನಲ್ಲಿ ಬಾಗಿ ಹರಡುವುದು) ಇಡೀ ಚಿತ್ರ ಮಂಕಾಗುತ್ತದೆ. ಬದಲಿಗೆ ಬೆಳಕನ್ನು ಎಂಟನೇ ಒಂದಕ್ಕೆ ಇಳಿಸುವ 3 ಸ್ಟಾಪ್‌ನ ಎನ್‌ಡಿ ಫಿಲ್ಟರ್ (ಬೂದು ಗಾಜು) ಹಾಕಿ: 1/30 ಸುಮಾರು 1/4 ಆಗುತ್ತದೆ. ಮಸೂರದ ಮುಂದೆ ತಿರುಗಿಸುವ ಪೋಲರೈಸರ್ ಫಿಲ್ಟರ್ ಎಲೆಗಳ ಮೇಲಿನ ಹೊಳಪು ಕಳೆದು ಹಸಿರನ್ನು ತರುತ್ತದೆ, ನಿಜ. ಆದರೆ ಪೂರ್ತಿ ತಿರುಗಿಸಿದರೆ ಒದ್ದೆ ಬಂಡೆಯ ಮಿನುಗೂ ಹೋಗಿ ಕಲ್ಲು ಜೀವ ಕಳೆದುಕೊಳ್ಳುತ್ತದೆ. ಸ್ವಲ್ಪ ಹಿಂದಕ್ಕೆ ತಿರುಗಿಸಿ ನಿಲ್ಲಿಸಿ.

ಈಗ ಕಾಗದ. ಹೊಳಪಿಲ್ಲದ ಮ್ಯಾಟ್ ಕಾಟನ್ ಕಾಗದ, ಸುಮಾರು 300 ಜಿಎಸ್‌ಎಂನದು (ಚದರ ಮೀಟರಿಗೆ 300 ಗ್ರಾಂ), ಕೈಗೂ ಕಣ್ಣಿಗೂ ಹಿತ. ಆದರೆ ಅದರ ಒರಟು ಮೈ ಬೆಳಕನ್ನು ಎಲ್ಲೆಡೆ ಚದುರಿಸುವುದರಿಂದ ಕಪ್ಪಿನ ಸಾಂದ್ರತೆ (ಹೆಚ್ಚಿದ್ದಷ್ಟೂ ಕಪ್ಪು ಗಾಢ) 1.6-1.7ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಬೇರಿಯಂ ಸಲ್ಫೇಟ್ ಲೇಪವಿರುವ ಬರೈಟಾ ಕಾಗದದಲ್ಲಿ ಅದು 2.3 ದಾಟಬಲ್ಲದು. ಮಂಜು, ತುಂತುರು, ತಿಳಿ ಬೂದು ತುಂಬಿದ ಚಿತ್ರಕ್ಕೆ ಮ್ಯಾಟ್. ಕರಿಬಂಡೆಯ ನಡುವೆ ಬೆಳ್ಳಗೆ ಸೀಳಿಕೊಂಡು ಬೀಳುವ ನೀರಿಗೆ ಬರೈಟಾ. ದಪ್ಪ ತರಿತರಿಯ ಕಾಗದವನ್ನು ನಾನಂತೂ ಜಲಪಾತಕ್ಕೆ ಒಪ್ಪುವುದಿಲ್ಲ: ಪಕ್ಕದಿಂದ ಬೆಳಕು ಬಿದ್ದರೆ ನಯವಾದ ನೀರಿನ ಮೇಲೆ ಕಾಗದದ ತರಿಯೇ ಎದ್ದು ಕಾಣುತ್ತದೆ. ಕಣ್ಣು ಕೋರೈಸುವ ಬಿಳುಪಿನ ಕಾಗದದಲ್ಲಿ ಸಾಮಾನ್ಯವಾಗಿ ಹೊಳಪುಕಾರಕ ರಾಸಾಯನಿಕ ಇರುತ್ತದೆ. ಅದು ಅತಿನೇರಳೆ ಕಿರಣದಿಂದ ಬೆಳಗುವಂಥದ್ದು. ಆ ಕಿರಣ ತಡೆಯುವ ಗಾಜಿನ ಹಿಂದೆ ಮಂಕಾಗುತ್ತದೆ, ವರ್ಷಗಳು ಕಳೆದಂತೆ ಹಳದಿಗೆ ವಾಲುತ್ತದೆ.

ಮ್ಯಾಟ್‌ಗೆ ಮ್ಯಾಟ್ ಬ್ಲ್ಯಾಕ್, ಬರೈಟಾಗೆ ಫೋಟೋ ಬ್ಲ್ಯಾಕ್ ಶಾಯಿ. ಆ ಕಾಗದ, ಆ ಪ್ರಿಂಟರ್‌ಗೆಂದೇ ಮಾಡಿದ ಪ್ರೊಫೈಲ್ (ಬಣ್ಣ ಸರಿಯಾಗಿ ಬರುವಂತೆ ಹೊಂದಿಸುವ ಕಡತ) ಬಳಸಿ, ಪ್ರಿಂಟರ್‌ನ ಸ್ವಂತ ಬಣ್ಣ ತಿದ್ದುಪಡಿಯನ್ನು ನಿಲ್ಲಿಸಿ. ಇಲ್ಲವಾದರೆ ಎರಡೆರಡು ಸಲ ತಿದ್ದುಪಡಿಯಾಗಿ ಬಣ್ಣ ಕೆಡುತ್ತದೆ. ದೊಡ್ಡ ಹಾಳೆಗೆ ಮೊದಲು ಒಂದು ಪಟ್ಟಿ ಮುದ್ರಿಸಿ: 0ರಿಂದ 30, 235ರಿಂದ 255ರವರೆಗಿನ ಮೆಟ್ಟಿಲುಗಳು. ಕೆಳಗೆ ಎಲ್ಲಿ ಕಪ್ಪು ಒಂದಾಗುತ್ತದೆ, ಮೇಲೆ ಎಲ್ಲಿ ಬಿಳಿ ಖಾಲಿಯಾಗುತ್ತದೆ ನೋಡಿ, ಬಂಡೆಯನ್ನೂ ನೀರನ್ನೂ ಆ ಮಿತಿಯೊಳಗೆ ತನ್ನಿ. 16×24 ಇಂಚಿಗೆ 300 ಪಿಪಿಐನಂತೆ (ಇಂಚಿಗೆ 300 ಪಿಕ್ಸೆಲ್) 4800×7200 ಪಿಕ್ಸೆಲ್ ಬೇಕು.

ಮ್ಯಾಟ್ ಹಾಳೆಯ ಲೇಪದ ಮಗ್ಗುಲು ಗೊತ್ತಾಗದಿದ್ದರೆ ಮೂಲೆಯನ್ನು ತುಸು ಒದ್ದೆ ಬೆರಳಿನಿಂದ ಮುಟ್ಟಿ. ಅಂಟಿದಂತಾಗುವುದೇ ಲೇಪದ ಕಡೆ. ಮುದ್ರಿಸಿದ ಮೇಲೆ ಕನಿಷ್ಠ 24 ಗಂಟೆ ಆರಲು ಬಿಡಿ. ಅವಸರದಲ್ಲಿ ಚೌಕಟ್ಟು ಹಾಕಿದರೆ ಶಾಯಿಯ ಆವಿ ಗಾಜಿನ ಒಳಮೈಗೆ ಕೂತು, ನೀವು ತೆಗೆಯದ ಮಂಜು ಚಿತ್ರದಲ್ಲಿ ಕಾಣಿಸಿಕೊಳ್ಳುತ್ತದೆ.