ಎಡಗಡೆ ಸೀಟಿನ ಇಪ್ಪತ್ತು ನಿಮಿಷ: ಕ್ಯಾಪ್ಟನ್ ಆಗೋರು ಎಡವೋದೆಲ್ಲಿ?

[ದೃಶ್ಯ: ಮಂಡಕಳ್ಳಿ ವಿಮಾನ ನಿಲ್ದಾಣ, ರನ್‌ವೇ ಮೇಲೆ ಜೋರು ಮಳೆ]

ನಮಸ್ಕಾರ. ಮೇ ತಿಂಗಳ ಸಂಜೆ, ಮೈಸೂರಲ್ಲಿ ಗುಡುಗು ಮಳೆ. ಇಳಿಯೋಕೆ ಬಂದ ಎಟಿಆರ್ ವಿಮಾನ ಹೋಲ್ಡಿಂಗ್‌ನಲ್ಲಿ ಸುತ್ತು ಹಾಕ್ತಿದೆ. ಆಗದಿದ್ರೆ ಬೆಂಗಳೂರಿಗೆ ಹೋಗಬೇಕು.

[ಪರದೆ: 1100 – 900 = 200 ಕೆಜಿ]

ಲೆಕ್ಕ ಸುಲಭ ಆಗ್ಲಿ ಅಂತ ಹೀಗಿಟ್ಟುಕೊಳ್ಳಿ: ಇಂಧನ 1100 ಕೆಜಿ ಇದೆ. ಬೆಂಗಳೂರು ತಲುಪೋಕೆ, ಜೊತೆಗೆ ಮುಟ್ಟಬಾರದ 30 ನಿಮಿಷದ ಫೈನಲ್ ರಿಸರ್ವ್‌ಗೆ, ಒಟ್ಟು 900 ಬೇಕು. ಸುತ್ತೋಕೆ ನಿಮಿಷಕ್ಕೆ 10 ಕೆಜಿ. ಉಳಿದದ್ದು 20 ನಿಮಿಷ.

ಹೊಸ ಕ್ಯಾಪ್ಟನ್ ಈ 20 ನಿಮಿಷವನ್ನ ಕೆಲಸದಿಂದ ತುಂಬಿಸಿಬಿಡ್ತಾರೆ. ಹವಾಮಾನ ಕೇಳೋದು, ಕಂಪನಿ ಜೊತೆ ಮಾತು, ಪ್ರಯಾಣಿಕರಿಗೆ ಅನೌನ್ಸ್‌ಮೆಂಟ್. ಇದೆಲ್ಲ ಮ್ಯಾನೇಜ್‌ಮೆಂಟ್, ಬೇಕೇ ಬೇಕು. ಆದ್ರೆ ಇಲ್ಲಿಂದ ಯಾವಾಗ ಹೊರಡೋದು ಅಂತ ಯಾರೂ ಹೇಳಿರಲ್ಲ. ಅದನ್ನ ಹೇಳೋದೇ ಕಮಾಂಡ್.

1978ರ ಡಿಸೆಂಬರ್ 28, ಅಮೆರಿಕದ ಪೋರ್ಟ್‌ಲ್ಯಾಂಡ್. ಲ್ಯಾಂಡಿಂಗ್ ಗೇರ್ ತೊಂದರೆ ಅಂತ ಡಿಸಿ-8 ವಿಮಾನ ಸುಮಾರು ಒಂದು ಗಂಟೆ ಸುತ್ತಿತು. ಕ್ಯಾಬಿನ್ ಸಿದ್ಧತೆ ಅಚ್ಚುಕಟ್ಟಾಗಿ ನಡೀತಿತ್ತು, ಇಂಧನ ಖಾಲಿಯಾಯ್ತು. 10 ಜನ ಸತ್ತರು.

ಇದರ ತದ್ವಿರುದ್ಧ 2010ರ ಮೇ 22ರ ಮಂಗಳೂರು. ಗೋ-ಅರೌಂಡ್ ಮಾಡಿ, ಅಂದ್ರೆ ಇಳಿಯೋದು ಬಿಟ್ಟು ಮತ್ತೆ ಮೇಲೇರಿ ಅಂತ ಕೋ-ಪೈಲಟ್ ಮೂರು ಸಲ ಹೇಳಿದ್ರೂ ಕ್ಯಾಪ್ಟನ್ ಇಳಿಸೋಕೆ ಹೋದರು. 158 ಜನ ತೀರಿಕೊಂಡರು. ಬೇಕಾದ ಮಾಹಿತಿ ಪಕ್ಕದ ಸೀಟಲ್ಲೇ ಇತ್ತು.

[ದೃಶ್ಯ: ಸಿಮ್ಯುಲೇಟರ್ ಒಳಗೆ, ಇಂಧನ ಮೀಟರ್ ಹತ್ತಿರದಿಂದ]

ಸಿಮ್ಯುಲೇಟರ್‌ನಲ್ಲಿ ಹೋಲ್ಡಿಂಗ್ ಶುರುವಾದ ಕೂಡಲೇ ಹಾರಿಸೋ ಕೆಲಸ ಕೋ-ಪೈಲಟ್‌ಗೆ ಕೊಡಿ, ಯೋಚನೆಗೆ ಬಿಡುವು ಸಿಗುತ್ತೆ. ನಿಮ್ಮ ಅಂದಾಜು ಬಾಯಿಬಿಡೋ ಮೊದಲೇ ಕೇಳಿ: "ನಿಮ್ಮ ಲೆಕ್ಕದಲ್ಲಿ ಎಷ್ಟು ನಿಮಿಷ ಇದೆ?" ನೀವೇ ಮೊದಲು ಹೇಳಿದ್ರೆ "ಹೌದು ಸರ್" ಅಷ್ಟೇ ವಾಪಸ್ ಬರೋದು. ಹಿರಿಯರಿಗೆ ಎದುರಾಡಬಾರದು ಅಂತ ಕಲಿತು ಬೆಳೆದ ನಮ್ಮ ಹುಡುಗ ಹುಡುಗೀರ ವಿಷಯದಲ್ಲಂತೂ ಇದನ್ನ ಮರೀಲೇಬೇಡಿ.

ಆಮೇಲೆ ಕಾರ್ಡ್ ಮೇಲೆ ಬರೆದು, ಇಬ್ಬರಿಗೂ ಕೇಳೋ ಹಾಗೆ ಓದಿ: "950 ಆದ ಕ್ಷಣ ಬೆಂಗಳೂರು." 900 ಅಂತ ಬರೀಬೇಡಿ. ಕಂಟ್ರೋಲ್ ಟವರ್‌ನಿಂದ ಕ್ಲಿಯರೆನ್ಸ್ (ಹೊರಡೋಕೆ ಅನುಮತಿ) ಸಿಗೋಕೆ, ತಿರುಗೋಕೆ ಐದು ನಿಮಿಷ ಕೈಯಲ್ಲಿರಲಿ. 950 ಬಂದಾಗ ಮಳೆ ಇನ್ನೇನು ನಿಲ್ಲುತ್ತೆ ಅನ್ನಿಸುತ್ತೆ, "ಇನ್ನೊಂದು ಸುತ್ತು" ಅಂತ ಮನಸ್ಸು ಎಳೆಯುತ್ತೆ. ಹೊರಡಿ.

ಬೆಂಗಳೂರೊಂದೇ ಗತಿ ಅಂತಾದ ಮೇಲೆ, ಅಲ್ಲಿ ಇನ್ನಷ್ಟು ತಡವಾದ್ರೆ ರಿಸರ್ವ್ ಮುಟ್ಟಬೇಕಾಗುತ್ತೆ ಅನ್ನಿಸಿದಾಗ "ಮಿನಿಮಮ್ ಫ್ಯುಯೆಲ್" ಅಂತ ಕಂಟ್ರೋಲರ್‌ಗೆ ತಿಳಿಸಿ. ಇದರಿಂದ ಸರದಿ ಮುಂದಕ್ಕೆ ಬರಲ್ಲ. ರಿಸರ್ವ್‌ಗಿಂತ ಕಡಿಮೆ ಇಂಧನದಲ್ಲೇ ಇಳಿಯೋ ಹಾಗಾಯ್ತು ಅಂತ ಲೆಕ್ಕ ತೋರಿಸಿದ್ರೆ ಹಿಂಜರಿಯದೆ ಕರೀಬೇಕಾದದ್ದು: "ಮೇಡೇ, ಮೇಡೇ, ಮೇಡೇ, ಫ್ಯುಯೆಲ್."